ಗಿಳಿ ಕಚ್ಚಿದ ಪೇರಲ

ಯಾರ ಮನೆಗೆ ಹೋದರೂ ಗಾಜಿನ ಕಪಾಟಿನಲ್ಲಿ ಗೋಕಾಕಿನ ಕಟ್ಟಿಗೆಯ ಹಣ್ಣುಗಳು ಕಂಡರೆ ನನ್ನ ಹೆಬ್ಬೆರಳು ಸುಮ್ಮನಿರುವುದಿಲ್ಲ. ಮಾವಿನಹಣ್ಣಾಗಲಿ, ಸೀತಾಫಲವಾಗಲಿ, ಎತ್ತಿಕೊಂಡು ತೊಟ್ಟಿನ ಕೆಳಗೆ ಮೆಲ್ಲಗೆ ಒತ್ತಿ ನೋಡುತ್ತೇನೆ, ಹಣ್ಣಾಗಿದೆಯೋ ಇನ್ನೂ ಕಾಯೋ ಎಂಬಂತೆ. ಹೋದ ವಾರ ಬೆಳಗಾವಿಯಲ್ಲಿ ವಕೀಲ ಮಿತ್ರರೊಬ್ಬರ ಮನೆಯಲ್ಲಿ ಹೀಗೆಯೇ ಆಯಿತು. ಚಹಾ ತಂದ ಅವರ ಮನೆಯವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಅದು ಕಟ್ಟಿಗೀದೈತ್ರಿ, ಮಾಸ್ತರ" ಎಂದರು, ಮಕ್ಕಳಿಗೆ ತಿಳಿಸಿ ಹೇಳುವ ದನಿಯಲ್ಲಿ. "ಗೊತ್ತೈತ್ರಿ" ಎಂದು ನಾನು ಹಣ್ಣನ್ನು ಮತ್ತೆ ಕಪಾಟಿನಲ್ಲಿಟ್ಟೆ. ತಲೆಗೆ ಗೊತ್ತಿದ್ದದ್ದು ಬೆರಳಿಗೂ ಗೊತ್ತಿರಬೇಕೆಂದೇನೂ ಇಲ್ಲವಲ್ಲ.

ಹುಕ್ಕೇರಿಯಲ್ಲಿ ಮಾಸ್ತರಿಕೆಗೆ ಸೇರಿದ ಹೊಸದರಲ್ಲಿ ನಾನು ಈ ಹಣ್ಣುಗಳ ವಿಷಯದಲ್ಲಿ ದೊಡ್ಡ ಪಂಡಿತನೆನಿಸಿಕೊಂಡಿದ್ದೆ. ಧಾರವಾಡದಿಂದ, ಪುಣೆಯಿಂದ ಯಾರಾದರೂ ಗೋಕಾಕಿನ ಜಲಪಾತ ನೋಡಲು ಬಂದರೆ ನನಗೆ ಹೇಳಿಕಳಿಸುತ್ತಿದ್ದರು. ಜಲಪಾತದ ಮುಂದೆ ಅವರು ನಿಲ್ಲುತ್ತಿದ್ದುದು ಕಾಲು ತಾಸು. ಆಮೇಲೆ ಊರೊಳಗಿನ ಚಿತ್ರಗಾರರ ಓಣಿಯಲ್ಲಿ ಎರಡು ತಾಸು. ನೀರನ್ನು ಗಂಟು ಕಟ್ಟಿ ಊರಿಗೆ ಒಯ್ಯಲಾಗುವುದಿಲ್ಲ, ಕಟ್ಟಿಗೆಯ ಬಾಳೆಹಣ್ಣನ್ನು ಒಯ್ಯಬಹುದು. ನಾನು ಅವರ ಬಾಜೂ ನಿಂತು, ಹಗುರ ಮರವನ್ನು ಹೇಗೆ ಕೆತ್ತುತ್ತಾರೆ, ಹುಣಸೆಬೀಜದ ಅಂಟಿನಲ್ಲಿ ಸುಣ್ಣದ ಪುಡಿ ಕಲಸಿ ಹೇಗೆ ಬಳಿಯುತ್ತಾರೆ, ಒಣಗಿಸಿ ಹೇಗೆ ಉಜ್ಜುತ್ತಾರೆ ಎಂದೆಲ್ಲ ವಿವರಿಸುತ್ತಿದ್ದೆ. ಒಂದು ಮಣೆಯನ್ನು ಸಹ ನೆಟ್ಟಗೆ ಕೆತ್ತಲು ಬಾರದವನು ನಾನು. ಕೆಲಸ ಮಾಡುವ ಚಿತ್ರಗಾರ ಹಣಮಂತಪ್ಪ ಮಾತಾಡುತ್ತಿರಲಿಲ್ಲ. ಒಮ್ಮೆ ಮಾತ್ರ, ಯಾರೋ ಸಾಹೇಬರು ಒಂದಕ್ಕೊಂದು ವ್ಯತ್ಯಾಸವಿಲ್ಲದ ಆರು ಮಾವಿನಹಣ್ಣು ಬೇಕೆಂದು ಹಟ ಹಿಡಿದಾಗ, ಕುಂಚ ಕೆಳಗಿಟ್ಟು, "ಗಿಡಾನ ಎರಡ ಒಂದ ಥರಾ ಕೊಡೂದಿಲ್ಲರಿ ಸಾಹೇಬ್ರ. ನನಗ ಹೆಂಗ ಬರಬೇಕು?" ಎಂದಿದ್ದ.

ಆ ಹಣಮಂತಪ್ಪನ ಪಡಸಾಲೆಗೆ ನಾನು ಕರೆದುಕೊಂಡು ಹೋದವರಲ್ಲಿ ಜಲಪಾತವನ್ನು ನೋಡದೆಯೇ ಬಂದವಳು ಒಬ್ಬಳೇ. ನನ್ನ ಸೋದರತ್ತೆ ಗಂಗವ್ವ.

ಗಂಗವ್ವತ್ತೆಯನ್ನು ಮಸಗುಪ್ಪಿಗೆ ಕೊಟ್ಟಿದ್ದರು. ಮಗಳು ನೀಲವ್ವ ಎರಡು ವರ್ಷದವಳಿದ್ದಾಗ ಗಂಡ ತೀರಿಕೊಂಡ. ಒಂದು ತುಂಡು ಹೊಲ, ಒಂದು ಮನೆ, ಒಂದು ಆಕಳು ಉಳಿದವು. ನನ್ನ ತಂದೆ ಬೆಲ್ಲದ ಬಾಗೇವಾಡಿಯಲ್ಲಿ ಕಮತ ಮಾಡಿಕೊಂಡಿದ್ದವನು. ಸುಗ್ಗಿ ಮುಗಿದ ಮೇಲೆ ತಂಗಿಯ ಮನೆಗೆ ಒಂದು ಗಾಡಿ ಜೋಳ ಕಳಿಸುತ್ತಿದ್ದ, ಹೊಲದ ತಂಟೆ ಬಂದರೆ ತಾನೇ ಹೋಗಿ ನಿಲ್ಲುತ್ತಿದ್ದ. ಹೆಂಗಸರಿಬ್ಬರೇ ಇರುವ ಮನೆ, ಗಂಡಸೊಬ್ಬ ಇರಲಿ ಎಂದು ನನ್ನನ್ನು ಅಲ್ಲಿ ಬಿಟ್ಟ. ನನಗಾಗ ಏಳು ವರ್ಷ. ಕತ್ತಲಾದರೆ ಹಿತ್ತಲಿಗೆ ಹೋಗಲು ನೀಲಕ್ಕನ ಲಂಗದ ಅಂಚು ಹಿಡಿಯುತ್ತಿದ್ದ ಗಂಡಸು.

ನೀಲಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ನನ್ನ ಪಾಟಿಚೀಲ ಹೊತ್ತು ಸಾಲೆಯ ಬಾಗಿಲವರೆಗೆ ಬಂದು, ಚೀಲ ನನ್ನ ಕೊರಳಿಗೆ ಹಾಕಿ, ಅಲ್ಲಿಂದ ಆಕಳಿಗೆ ಹುಲ್ಲು ತರಲು ಹೋಗುತ್ತಿದ್ದಳು. ಬಾವಿಯ ಪಕ್ಕದಲ್ಲಿ ಒಂದು ಪೇರಲ ಗಿಡವಿತ್ತು. ಹಣ್ಣಿನ ಕಾಲದಲ್ಲಿ ಅತ್ತೆ ದಿನಾ ಬೆಳಿಗ್ಗೆ ಒಂದು ಹಣ್ಣು ಹರಿದು, ಸೆರಗಿನಿಂದ ಒರೆಸಿ, ನನ್ನ ಅಂಗಿಯ ಕಿಸೆಗೆ ಹಾಕುತ್ತಿದ್ದಳು. ದಾರಿಯುದ್ದಕ್ಕೂ ನಾನು ಕಿಸೆಯಲ್ಲಿ ಕೈಯಿಟ್ಟು ಅದನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದೆ. ಬೆರಳಿನ ಆ ಚಟ ಅಲ್ಲಿಯದು. ನಾಲ್ಕು ವರ್ಷ ಹೀಗೆ ಹಣ್ಣು ತಿಂದೆ. ಮಗ್ಗಿಗಿಂತ ಆ ಹಣ್ಣೇ ನನಗೆ ಚೆನ್ನಾಗಿ ನೆನಪಿದೆ.

ಮುಂದೆ ನೀಲಕ್ಕನ ಲಗ್ನವಾಯಿತು. ಗಂಡ ಮಲ್ಲಪ್ಪ ಒಳ್ಳೆಯ ಮನುಷ್ಯ. ಸೋಲಾಪುರದ ಗಿರಣಿಯಲ್ಲಿ ಕೆಲಸ ಸಿಕ್ಕು ಅವಳನ್ನೂ ಕರೆದೊಯ್ದ. ಚೊಚ್ಚಲ ಬಸುರಿಯಾದಾಗ ಅತ್ತೆ ಹಳೆಯ ಮೆತ್ತನೆಯ ಸೀರೆಗಳನ್ನು ಒಗೆದಿಟ್ಟಳು, ತುಪ್ಪ ಕಾಸಿದಳು, ಮಗಳನ್ನು ಕರೆತರಲು ಹೊರಟಳು. ಅಷ್ಟರಲ್ಲಿ ಆ ಕಡೆಯಿಂದ ಮಾತು ಬಂತು: ಬರುವುದು ಬೇಡ, ಇಲ್ಲೇ ಬಾಜೂದವರು ನೋಡಿಕೊಳ್ಳುತ್ತಾರೆ. ಎರಡನೆಯದಕ್ಕೂ ಅದೇ ಮಾತು. ನಮ್ಮ ಕಡೆ ಮಗಳು ಹೆರಿಗೆಗೆ ತವರಿಗೆ ಬರದಿದ್ದರೆ ಊರು ಕೇಳುತ್ತದೆ. ಕೇಳಿದವರಿಗೆ ಅತ್ತೆ, "ಗಿರಣಿ ಊರು. ಆಕಿಗೆ ಬಿಡವು ಎಲ್ಲೈತಿ" ಎನ್ನುತ್ತಿದ್ದಳು. ಮಗಳು ಏಕೆ ಬರುತ್ತಿಲ್ಲವೆಂಬುದು ಅವಳಿಗೂ ಗೊತ್ತಿರಲಿಲ್ಲ. ಜಗಳವಾಗಿರಲಿಲ್ಲ, ಒಂದು ಬಿರುಸು ಮಾತೂ ಆಗಿರಲಿಲ್ಲ. ಹತ್ತು ವರ್ಷ ಹೀಗೆಯೇ ಕಳೆಯಿತು.

ಒಂದು ಬೇಸಿಗೆಯಲ್ಲಿ ಅತ್ತೆ ಒಬ್ಬಳೇ ಹುಕ್ಕೇರಿಯ ನಮ್ಮ ಮನೆಗೆ ಬಂದಳು. ನನ್ನ ಹೆಂಡತಿ ಕಾಲಿಗೆ ನೀರು ಕೊಟ್ಟಳು. ಅತ್ತೆ ಕೂತವಳೇ ನನಗೆ ಹೇಳಿದಳು.

"ನೀಲವ್ವ ಮತ್ತ ಬಸರ ಆಗ್ಯಾಳಂತ. ಸಾಲಿ ಸೂಟಿ ಐತೆಲ್ಲ ನಿನಗ. ಸೋಲಾಪುರಕ್ಕ ಕರಕೊಂಡ ಹೋಗು. ಈ ಸಲ ನಾನ ಹೋಗಿ ಕರೀತೀನಿ."

"ಹೋಗೂಣು" ಎಂದೆ.

"ಬರೇ ಕೈಲೆ ಹೆಂಗ ಹೋಗೂದು? ರೊಟ್ಟಿ, ಚಟ್ನಿ ಒಯ್ಯತೀನಿ, ಅದು ಬ್ಯಾರೆ. ಆಕಿ ನಮ್ಮ ಬಾವಿ ಪ್ಯಾರಲ ಹಣ್ಣ ಬಾಳ ತಿಂತಿದ್ಳು. ಆ ಹಣ್ಣ ಒಯ್ಯಬೇಕಂತ ಮನಸ ಐತಿ."

ಆ ಗಿಡ ಹೊಳೆಯ ನೀರು ಊರೊಳಗೆ ಬಂದ ವರ್ಷವೇ ಬುಡಸಹಿತ ಹೋಗಿತ್ತು. ಇದ್ದರೂ ಅದು ಪೇರಲದ ಕಾಲವಲ್ಲ. ಪಂಡಿತನಾದ ನನಗೆ ಮಾತ್ರ ಕೂಡಲೇ ಉಪಾಯ ಹೊಳೆಯಿತು. ಗೋಕಾಕಿನ ಹಣ್ಣಿಗೆ ಕಾಲ ಯಾವುದು?

ಹೀಗೆ ಅತ್ತೆ ಹಣಮಂತಪ್ಪನ ಪಡಸಾಲೆಯಲ್ಲಿ ಬಂದು ಕೂತಳು. ಅವನ ಹೆಂಡತಿ ಮರದ ಹರಿವಾಣದಲ್ಲಿ ಹಣ್ಣುಗಳನ್ನು ತಂದಿಟ್ಟಳು. ಅತ್ತೆ ಒಂದೊಂದನ್ನೂ ಎತ್ತಿ, ತಿರುಗಿಸಿ, ತನ್ನ ಸೆರಗಿನಿಂದ ಒರೆಸಿ ಇಟ್ಟಳು. ಕೊಳ್ಳಲು ಬಂದವರು ಯಾರೂ ಹಾಗೆ ಒರೆಸಿದ್ದನ್ನು ನಾನು ಕಂಡಿರಲಿಲ್ಲ.

"ಛಂದ ಅದಾವ ತಮ್ಮಾ. ಆದ್ರ ಇವು ಪ್ಯಾಟಿ ಹಣ್ಣ."

"ಎಂಥಾದ ಬೇಕ ಯವ್ವಾ?" ಎಂದ ಹಣಮಂತಪ್ಪ.

ನಾನು ನಡುವೆ ಬಾಯಿ ಹಾಕಿದೆ. "ನಮ್ಮ ಗಿಡದ ಪ್ಯಾರಲ ಬೇಕು ನೋಡು. ಹಳದಿ, ನುಣ್ಣಗ. ಹುಡಕಿದ್ರೂ ಒಂದ ಕಲೆ ಸಿಗತಿರಲಿಲ್ಲ."

ಅತ್ತೆ ನನ್ನ ಮುಖ ನೋಡಿದಳು. "ಇಲ್ಲ. ಒಂದ ಬಾಜೂ ಗಿಳಿ ಕಚ್ಚಿರತಿತ್ತು. ಕಚ್ಚಿದಲ್ಲಿ ಒಳಗಿನ ಕೆಂಪ ಕಾಣತಿತ್ತು."

"ಯಾವಾಗರೆ ಒಂದ ಹಂಗ ಇದ್ದೀತು, ಅತ್ತಿ."

"ದಿನಾ" ಎಂದಳು ಅತ್ತೆ.

ಹಣಮಂತಪ್ಪ ನಕ್ಕ. "ಇಬ್ಬರೂ ಒಂದ ಗಿಡದ್ದ ಹೇಳಾಕತ್ತೀರೋ, ಎರಡ ಗಿಡದ್ದೋ?"

ಒಂದೇ ಗಿಡದ್ದು ಎಂದೆವು ಇಬ್ಬರೂ. ನಮ್ಮ ನೆನಪುಗಳು ಹೀಗೆ ಏಕೆ ಬೇರೆಯಾದವೆಂದು ನಿಂತು ಯೋಚಿಸಬೇಕಾದ ಜಾಗ ಅದು. ನಾನು ಯೋಚಿಸಲಿಲ್ಲ. ಅತ್ತೆಗೆ ವಯಸ್ಸಾಯಿತು ಅಂದುಕೊಂಡೆ. ಅವಳಿಗಿನ್ನೂ ಐವತ್ತೂ ಆಗಿರಲಿಲ್ಲ.

ಹಣಮಂತಪ್ಪನಿಗೆ ಬೇರೆ ತಕರಾರು. "ಕಚ್ಚಿದ ಹಣ್ಣ ನಾ ಮಾಡೂದಿಲ್ಲ ಯವ್ವಾ. ನೋಡಿದವರು ನನ್ನ ಕೈ ತಪ್ಪೇತಿ ಅಂತಾರ."

"ಗಿಳಿ ಕಾಯಿ ಕಚ್ಚೂದಿಲ್ಲಪ್ಪಾ" ಎಂದಳು ಅತ್ತೆ. "ಪಕ್ಕಾ ಹಣ್ಣಾಗಿದ್ದನ್ನ ನೋಡೇ ಕಚ್ಚತೈತಿ. ಅದರ ಕಣ್ಣ ನಿನ್ನ ಕಣ್ಣಿನಂಗನ."

ಅವನು ಹರಿವಾಣದಿಂದ ಒಂದು ಪೇರಲ ಎತ್ತಿ ತಿರುಗಿಸಿ ನೋಡಿದ. ಎಂಟು ದಿನ ಬಿಟ್ಟು ಬರಲು ಹೇಳಿದ.

ಎಂಟು ದಿನದ ಮೇಲೆ ಹೋದಾಗ ಅವನು ಅರಿವೆಯಲ್ಲಿ ಸುತ್ತಿಟ್ಟಿದ್ದ ಹಣ್ಣನ್ನು ಬಿಚ್ಚಿ ತೋರಿಸಿದ. ಹಳದಿ ಸಿಪ್ಪೆಯ ಒಂದು ಮಗ್ಗುಲಲ್ಲಿ ಕೊಕ್ಕಿನ ಎರಡು ಗೀರು, ಅವುಗಳ ನಡುವೆ ಹರಿದ ಅಂಚು, ಒಳಗೆ ತಿಳಿಗೆಂಪು ತಿರುಳು, ಸಾಸಿವೆಗಿಂತ ತುಸು ದೊಡ್ಡ ಬೀಜಗಳು. ಮೂರು ದಿನ ಬೆಳಿಗ್ಗೆ ಎದ್ದು ಮಾವಿನ ತೋಪಿಗೆ ಹೋಗಿ, ಗಿಳಿಯ ಬಾಯಿ ಹೇಗೆ ಇಳಿಯುತ್ತದೆಂದು ನೋಡಿ ಬಂದಿದ್ದನಂತೆ. ಬೀಜ ಬರೆದವಳು ಹೆಂಡತಿ. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು, "ಇದ ನೋಡು" ಎಂದಳು, ಅಷ್ಟೇ.

ನನಗೆ ಸಮಾಧಾನವಿರಲಿಲ್ಲ. ಅಷ್ಟು ದೂರ ಹೋಗಿ ಹತ್ತು ವರ್ಷದ ಮೇಲೆ ಕಾಣುವ ಮಗಳಿಗೆ ಕಚ್ಚಿದ ಹಣ್ಣು ಕೊಡುವುದೇ? ಅತ್ತೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಹಣಮಂತಪ್ಪನ ಹರಿವಾಣದಿಂದ ನುಣ್ಣನೆಯ, ಕಲೆಯಿಲ್ಲದ, ನನ್ನ ನೆನಪಿನದೇ ಆದ ಪೇರಲವೊಂದನ್ನು ಆರಿಸಿ ಚೀಲಕ್ಕೆ ಹಾಕಿಕೊಂಡೆ. ನನ್ನ ಕಡೆಯಿಂದ ಒಂದಿರಲಿ ಎಂದು.

ಆಕಳನ್ನು ನೆರೆಮನೆಯವರಿಗೆ ಒಪ್ಪಿಸಿ ಬಂದಿದ್ದ ಅತ್ತೆ ದಾರಿಯಲ್ಲಿ ಆಕಳದೇ ಮಾತು ಆಡಿದಳು. ಮೀರಜಿನಲ್ಲೊಮ್ಮೆ, ಕುರ್ಡುವಾಡಿಯಲ್ಲೊಮ್ಮೆ ರೈಲು ಬದಲಿಸಿ ಸೋಲಾಪುರ ಮುಟ್ಟಿದಾಗ ಮಧ್ಯಾಹ್ನ. ಗಿರಣಿಯ ಚಾಳಿನಲ್ಲಿ ಒಂದೇ ಕೋಣೆಯ ಮನೆ. ಮಲ್ಲಪ್ಪ ಪಾಳಿಗೆ ಹೋಗಿದ್ದ. ಬಾಗಿಲಲ್ಲಿ ನಿಂತ ನೀಲಕ್ಕನ ಹೊಟ್ಟೆ ಆಗಲೇ ಮುಂದೆ ಬಂದಿತ್ತು. ಅವಳು ನಮ್ಮಿಬ್ಬರಿಗೂ ಕಾಲಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು, ಎಡೆ ಮಾಡಿದಳು. ಯಾವುದರಲ್ಲೂ ಕೊರತೆಯಿರಲಿಲ್ಲ. ಬೀಗರು ಬಂದರೆ ಹೇಗೆ ಮಾಡುತ್ತಾರೋ ಹಾಗಿತ್ತು. ಅತ್ತೆ ಅದನ್ನು ಗಮನಿಸಿದಳು. ಹೆಚ್ಚು ಉಣ್ಣಲಿಲ್ಲ.

ಊಟವಾದ ಮೇಲೆ ಅತ್ತೆ ಅರಿವೆ ಬಿಚ್ಚಿ ಹಣ್ಣನ್ನು ಮಗಳ ಮುಂದಿಟ್ಟಳು. ನಾನು ನನ್ನದನ್ನೂ ತೆಗೆದು ಅದರ ಬಾಜೂ ಇಟ್ಟೆ. ಎರಡು ಮಕ್ಕಳು ಓಡಿ ಬಂದವು. ನೀಲಕ್ಕ ಅವನ್ನು ಹಿಂದೆ ಸರಿಸಿ ಬಹಳ ಹೊತ್ತು ಎರಡನ್ನೂ ನೋಡಿದಳು. ಆಮೇಲೆ ನುಣ್ಣನೆಯ ಹಣ್ಣನ್ನು ಎತ್ತಿ ನನ್ನ ಮೊಣಕಾಲ ಮುಂದೆ ಇಟ್ಟಳು.

"ಇದು ನಿಂದು, ಈರಪ್ಪಾ."

ಕಚ್ಚಿದ ಹಣ್ಣನ್ನು ತನ್ನ ಕಡೆಗೆ ಎಳೆದುಕೊಂಡಳು.

"ಇದು ನಂದು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಪಾತ್ರೆ ತೊಳೆದು ಅದರದರ ಜಾಗದಲ್ಲಿ ಇಟ್ಟಂತೆ ಹೇಳಿದಳು. ನಾನು ನಗಲು ಹೋದೆ. "ಎರಡೂ ನಿನಗ ತಂದೀವಲ್ಲ ನೀಲಕ್ಕ" ಎಂದೆ.

"ನೆನಪಿಲ್ಲೇನ ನಿನಗ? ಮುಂಜಾನೆ ಅವ್ವ ಹಣ್ಣ ಹರೀತಿದ್ಳು. ಛಲೋದು ನಿನ್ನ ಕಿಸೇದಾಗ. ಗಿಳಿ ಕಚ್ಚಿದ್ದು ನನ್ನ ಕೈಯಾಗ. ಹಾಲಿನ ಕೆನಿ ನಿನಗ. ಸಾಲಿ ನಿನಗ. ಚೀಲಾ ಹೊರೂದು ನನಗ." ಅವಳು ಅವ್ವನ ಕಡೆ ನೋಡಲಿಲ್ಲ. "ನಾ ಏನೂ ಅಂದಿಲ್ಲ. ಈಗೂ ಅನ್ನೂದಿಲ್ಲ. ಬಾಣಂತನಕ್ಕ ಬಂದ್ರ ಅಲ್ಲೆ ನನ್ನ ಪಾಲಿಗೆ ಏನ ಉಳದಿರತೈತಿ ಅಂತ ಅನಸತಿತ್ತು. ಅದಕ್ಕ ಬರಲಿಲ್ಲ."

ಹೊರಗೆ ಚಾಳಿನ ನಳದಲ್ಲಿ ಯಾರೋ ಕೊಡ ತುಂಬುತ್ತಿದ್ದರು. ನನಗೆ ತಲೆ ಎತ್ತಲಾಗಲಿಲ್ಲ. ನಾಲ್ಕು ವರ್ಷ ಒಂದೇ ದಾರಿಯಲ್ಲಿ ಪಕ್ಕದಲ್ಲಿ ನಡೆದವಳ ಕೈಯಲ್ಲಿ ಏನಿತ್ತೆಂದು ನಾನು ಒಮ್ಮೆಯೂ ನೋಡಿರಲಿಲ್ಲ. ಏನಾದರೂ ಹೇಳಬೇಕೆಂದು, ಗಿಳಿ ಕಚ್ಚಿದ್ದೇ ಹೆಚ್ಚು ಸಿಹಿಯೆಂದು ಅತ್ತೆಯ ಪರವಾಗಿ ಮಾತು ತೆಗೆದೆ. ಅತ್ತೆ ಕೈಯೆತ್ತಿ ನನ್ನನ್ನು ತಡೆದಳು.

"ಖರೆ ಐತಿ" ಎಂದಳು ಮಗಳಿಗೆ. "ಅಣ್ಣನ ಮಗಾ ಅಂವ. ಅಣ್ಣ ಜ್ವಾಳಾ ಕಳಸತಿದ್ದ. ಈ ಹುಡುಗ ಬಾಡಿದ ಮಾರಿ ಮಾಡಕೊಂಡ ಊರಿಗೆ ಹೋದ್ರ ನಮ್ಮ ಗತಿ ಏನಂತ ನನಗ ಅಂಜಿಕಿ ಇತ್ತು. ಕಚ್ಚಿದ್ದ ರುಚಿ ಇರತೈತಿ ಅಂತ ನಿನಗ ಹೇಳತಿದ್ದೆ. ನನಗೂ ಹಂಗ ಹೇಳಕೊಂತಿದ್ದೆ. ಹೇಳಕೊಂತ ಹೇಳಕೊಂತ ಅದನ್ನ ಖರೆ ಮಾಡಕೊಂಡೆ ನೋಡು. ಇಲ್ಲಂದ್ರ ಇದನ್ನ ಮಾಡಿಸಿಕೊಂಡ ಬರತಿದ್ನೇನು?"

ನೀಲಕ್ಕ ಹಣ್ಣಿನ ಮೇಲೆ ಬೆರಳಾಡಿಸುತ್ತಿದ್ದಳು. ಕೊಕ್ಕಿನ ಗೀರುಗಳ ಮೇಲೆ, ಬೀಜಗಳ ಮೇಲೆ.

"ರುಚಿ ಇರತಿದ್ದವು ಅವ್ವಾ" ಎಂದಳು ಕೊನೆಗೆ. "ಅದ ಸುಳ್ಳಲ್ಲ. ಒಂದ ದಿನ, ಒಂದ ಸಲಾ, ನನಗ ಅಂತ ಆರಿಸಿ ಕೊಟ್ಟಿದ್ರ ಸಾಕಾಗಿತ್ತು."

ಆಗ ಅವಳು ಅತ್ತಳು. ಅತ್ತೆ ಹತ್ತಿರ ಸರಿದು ಅವಳ ಬೆನ್ನ ಮೇಲೆ ಕೈಯಿಟ್ಟಳು. ಸಣ್ಣ ಹುಡುಗಿ ಅವ್ವನನ್ನು ನೋಡಿ ತಾನೂ ಅಳಲು ತೊಡಗಿದಳು. ನಾನು ಆ ಮಗುವನ್ನೂ ಅದರ ಅಣ್ಣನನ್ನೂ ಕರೆದುಕೊಂಡು ಹೊರಗೆ ಹೋದೆ. ಅದೊಂದೇ ನಾನು ಅಂದು ಮಾಡಿದ ಶಾಣ್ಯಾತನದ ಕೆಲಸ.

ತಿರುಗಿ ಒಳಗೆ ಬಂದಾಗ ಅತ್ತೆ ಒಲೆಯ ಮುಂದೆ ಕೂತಿದ್ದಳು, ನೀಲಕ್ಕ ಗೋಡೆಗೊರಗಿದ್ದಳು. ಮಗಳನ್ನು ಕರೆಯಲೆಂದು ಬಂದಿದ್ದ ಅತ್ತೆ ಕರೆದಿರಲಿಲ್ಲ.

"ನಾ ಇಲ್ಲೇ ಇರತೀನಿ" ಎಂದಳು ನನಗೆ. "ಆಕಿ ಹಡದು, ಕೂಸಿಗೆ ಮೂರ ತಿಂಗಳ ಆಗೂತನಕ. ನೀ ನಾಳೆ ಹೊಂಡು."

"ಆಕಳಾ?" ಎಂದಳು ನೀಲಕ್ಕ. ಆ ಮನೆಯಲ್ಲಿ ಬೆಳೆದವಳಿಗೆ ಮೊದಲು ನೆನಪಾಗುವುದು ಅದೇ.

"ನಿಮ್ಮ ಮಾಮಾ ಬಂದ ಇರತಾನ. ಈರಪ್ಪಾ, ನಿಮ್ಮಪ್ಪಗ ಹೇಳು. ಮಸಗುಪ್ಪಿಗೆ ಹೋಗಿ ಮನಿ ನೋಡಕೊ ಅಂತ. ಆಕಳಾ ಹಿಂಡಾಕ, ಮೇವ ಹಾಕಾಕ. ಮಳಿ ಬಿದ್ರ ಹೊಲಾನೂ ಬಿತ್ತಲಿ."

"ಮಾಮಾ ಬರೂದಿಲ್ಲ" ಎಂದಳು ನೀಲಕ್ಕ.

"ಬರತಾನ. ನಾ ಹೇಳಿ ಕಳಸಾಕತ್ತೇನಿ."

ಅತ್ತೆ ನನ್ನ ತಂದೆಯಿಂದ ಏನನ್ನಾದರೂ ಕೇಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕೊಟ್ಟದ್ದನ್ನು ತೆಗೆದುಕೊಳ್ಳುತ್ತಿದ್ದಳು, ಅವನು ಎದ್ದರೆ ಎದ್ದು ನಿಲ್ಲುತ್ತಿದ್ದಳು. ಈಗ ಅವಳು ಒಲೆಯ ಬೂದಿ ಕೆದರುತ್ತ, ಬೆನ್ನು ತಿರುಗಿಸಿಕೊಂಡೇ ಹೇಳಿದಳು.

ಮರುದಿನ ರೈಲಿನಲ್ಲಿ ಒಬ್ಬನೇ ಬರುತ್ತ ನನ್ನ ಪರವಾಗಿ ನಾನೇ ವಕೀಲಿ ಮಾಡಿದೆ. ಏಳು ವರ್ಷದ ಹುಡುಗನ ತಪ್ಪೇನು? ಕೊಟ್ಟದ್ದನ್ನು ತಿಂದ. ಆ ವಾದ ಗೆಲ್ಲುತ್ತಿತ್ತು. ಆದರೆ ರೈಲಿನಲ್ಲಿ ಕೂತವನು ಇಪ್ಪತ್ತನಾಲ್ಕು ವರ್ಷದ ಮಾಸ್ತರ. ದಿನಾ ಮಕ್ಕಳಿಗೆ ಪಾಲು ಹಾಕುವ ಲೆಕ್ಕ ಹೇಳಿಕೊಡುವವನು. ಹದಿನೇಳು ವರ್ಷದಲ್ಲಿ ಆ ಹಣ್ಣಿನ ರುಚಿಯನ್ನು ಎಷ್ಟೋ ಜನರ ಮುಂದೆ ಬಣ್ಣಿಸಿದ್ದೆ. ನೀಲಕ್ಕ ಏನು ತಿಂದಳೆಂದು ಒಬ್ಬರೂ ನನ್ನನ್ನು ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಹುಕ್ಕೇರಿಗೆ ಹೋಗದೆ ನೆಟ್ಟಗೆ ಬಾಗೇವಾಡಿಗೆ ಹೋದೆ. ತಂದೆ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಎಲ್ಲವನ್ನೂ ಹೇಳಿದೆ. ಹಣ್ಣಿನದು, ಕಿಸೆಯದು, ಅಂಜಿಕೆಯದು. ಅವನ ಕೈ ಎಲ್ಲಿಯೂ ನಿಲ್ಲಲಿಲ್ಲ.

"ನಮ್ಮ ಗಂಗವ್ವ ಹಂಗ ಅಂದ್ಳು?"

"ಹೂಂ."

"ನಾ ಬರ್ತೀನಿ ಅಂತ ನಂಬಿಗಿ ಐತಿ ಆಕಿಗೆ?"

"ಬರತಾನ ಅಂದ್ಳು."

ಅವನು ಮತ್ತೊಂದು ಎಳೆ ಸೇರಿಸಿ ಹೊಸೆದ. ನನ್ನ ತಂದೆ ಎತ್ತಿನ ಮನುಷ್ಯ. ಆಕಳ ಕೆಚ್ಚಲಿಗೆ ಅವನು ಕೈ ಹಚ್ಚಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಹಿಂಡುವುದು ನಮ್ಮ ಮನೆಯಲ್ಲಿ ಹೆಂಗಸರ ಕೆಲಸ. ಹಗ್ಗದ ತುದಿಗೆ ಗಂಟು ಹಾಕಿ, ನನ್ನ ಕಡೆ ನೋಡದೆ ಕೇಳಿದ.

"ಆ ಆಕಳಾ ಒದೀತೈತೇನು?"

"ಗೊತ್ತಿಲ್ಲಪ್ಪಾ" ಎಂದೆ. "ನಾ ಎಂದೂ ಹಿಂಡಿಲ್ಲ."

ಅವನು ಎದ್ದು ಒಳಗೆ ಹೋದ. ಕೊಟ್ಟಿಗೆಯಿಂದ ನನ್ನ ತಾಯಿಯ ದನಿ ಕೇಳಿಸಿತು, ಬೆರಳು ಹೀಗೆ ಹಿಡಿಯಬೇಕು, ಮೇಲಿನಿಂದ ಒತ್ತಿ ತರಬೇಕು, ಜಗ್ಗಬಾರದು ಎಂದು ಅವನಿಗೆ ಹೇಳಿಕೊಡುತ್ತಿದ್ದಳು. ಮರುದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಕಂಬಳಿ ಹೆಗಲಿಗೆ ಹಾಕಿಕೊಂಡು, ಯಾರಿಗೂ ಏನೂ ಹೇಳದೆ ಅವನು ಮಸಗುಪ್ಪಿಗೆ ಹೊರಟ.